ಮೂಲೆಮಟ್ಟಕ್ಕೆ ಮುಲಾಜಿಲ್ಲ

ಮೂರು ವಾರಗಳ ಹಿಂದೆ ಅಕ್ಕನ ಮಗ ನನ್ನ ಮರಗೆಲಸದ ಶೆಡ್ಡಿಗೆ ಬಂದಿದ್ದ. ಬರುತ್ತೇನೆಂದು ಮೊದಲೇ ಹೇಳಿರಲಿಲ್ಲ. ಬಾಗಿಲಲ್ಲೇ ನಿಂತು, ನೆಲದ ಮೇಲೆ ಹರಡಿದ್ದ ಮರದ ಸಿಪ್ಪೆಯನ್ನು ಚಪ್ಪಲಿಯ ತುದಿಯಿಂದ ಅತ್ತಿತ್ತ ಸರಿಸುತ್ತ, ಕೊನೆಗೆ ಕೇಳಿಯೇಬಿಟ್ಟ: "ಮಾವ, ಕಾಲೇಜು ಬಿಡುವ ಧೈರ್ಯ ನಿಮಗೆ ಹೇಗೆ ಬಂತು?" ನಾನು ಆಗಷ್ಟೇ ಒಂದು ಕುರ್ಚಿಯ ಕಾಲಿಗೆ ಅಂಟು ಹಚ್ಚಿದ್ದೆ. ಅಂಟು ಹಚ್ಚಿದ ಮೇಲೆ ಹತ್ತು ನಿಮಿಷ ದೇವರೇ ಬಂದು ಮಾತನಾಡಿಸಿದರೂ ಕಿವಿಗೊಡುವ ಹಾಗಿಲ್ಲ. ಅಷ್ಟರೊಳಗೆ ಜೋಡಿಸಿ, ಬಿಗಿದು, ಮೂಲೆ ಸರಿಯಿದೆಯೇ ನೋಡಿ ಮುಗಿಸಬೇಕು. ಹಾಗಾಗಿ ತಲೆ ಎತ್ತದೆಯೇ ಬಾಯಿಗೆ ಬಂದದ್ದನ್ನು ಹೇಳಿದೆ. "ಮನಸ್ಸಿಗೆ ಸರಿ ಅನ್ನಿಸಿದ್ದನ್ನು ಮಾಡಬೇಕಪ್ಪ, ಅಷ್ಟೇ." ಅವನ ಮುಖ ಅರಳಿತು. ಅದನ್ನೇ ಕೇಳಲು ಬಂದಿದ್ದನೇನೋ, ಎರಡು ನಿಮಿಷಕ್ಕೆ ಹೊರಟುಹೋದ. ಅಂದಿನಿಂದ ಆ ಮಾತು ಬೆರಳಲ್ಲಿ ಮುರಿದುಕೊಂಡ ಸಿಬಿರಿನಂತೆ ನನ್ನನ್ನು ಚುಚ್ಚುತ್ತಿದೆ. ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿದರೆ ಮಾತ್ರ ಗೊತ್ತಾಗುತ್ತದೆ.

ಚುಚ್ಚುವುದಕ್ಕೆ ಕಾರಣ ಸರಳ. ನಾನು ಹೇಳಿದ್ದು ಸುಳ್ಳು. ನನಗೆ ಧೈರ್ಯ ಬಂದೇ ಇರಲಿಲ್ಲ. ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ, ತೊಲೆಗಳು ಭಾರಕ್ಕೆ ಹೇಗೆ ಬಾಗುತ್ತವೆ ಎಂದು ಲೆಕ್ಕ ಹಾಕುವ ವಿಷಯದಲ್ಲಿ ನಾನು ಎರಡು ಸಲ ನಪಾಸಾದೆ. ಮೊದಲ ಸಲ ಜ್ವರ ಎಂದೆ. ಎರಡನೆಯ ಸಲ ಹೇಳಿಕೊಳ್ಳಲು ಜ್ವರವೂ ಇರಲಿಲ್ಲ. ಮೂರನೆಯ ಸಲ ಪರೀಕ್ಷೆಗೆ ಕೂರುವ ಬದಲು ಆರು ತಿಂಗಳು ಬಿಡುವು ತೆಗೆದುಕೊಂಡೆ. ಆರು ತಿಂಗಳು ಒಂದು ವರ್ಷವಾಯಿತು. ಒಂದು ವರ್ಷವಾದ ಮೇಲೆ ಮನೆಯಲ್ಲಿ ಯಾರೂ ಅದನ್ನು ಬಿಡುವು ಎಂದು ಕರೆಯಲಿಲ್ಲ. ಇಷ್ಟೇ ಕಥೆ. ಇಷ್ಟು ವರ್ಷಗಳಲ್ಲಿ ಹೇಳಿ ಹೇಳಿ ಅದಕ್ಕೆ ಹೊಳಪು ಏರಿದೆ. ಪಾಲಿಶ್ ಹೊಡೆದ ಹಲಗೆಯಲ್ಲಿ ಗಂಟು, ಹುಳ ತಿಂದ ಗುರುತು ಎಲ್ಲವೂ ಬೇಕೆಂದೇ ಇಟ್ಟ ಅಲಂಕಾರದಂತೆ ಕಾಣುತ್ತದಲ್ಲ, ಹಾಗೆ. ನಾನು ಓಡಿಹೋದವನು. ಓಡುತ್ತ ಓಡುತ್ತ ಒಳ್ಳೆಯ ಜಾಗಕ್ಕೆ ಬಂದು ಬಿದ್ದೆ ಎನ್ನುವುದು ಬೇರೆ ಮಾತು. ಬಿದ್ದದ್ದನ್ನು ಹಾರಿದ್ದು ಎಂದು ಹುಡುಗನೊಬ್ಬನಿಗೆ ಹೇಳಿಬಿಟ್ಟರೆ ಅವನು ಹಾರಲು ಹೋಗುತ್ತಾನೆ.

ಆ ದಿನಗಳಲ್ಲಿ ಅಪ್ಪನ ಜೊತೆ ವಾದಕ್ಕೆ ನಿಂತಾಗ ನಾನು ವಿಜ್ಞಾನಿ ಮೈಕೆಲ್ ಫ್ಯಾರಡೆಯನ್ನು ಗುರಾಣಿಯಂತೆ ಹಿಡಿದುಕೊಳ್ಳುತ್ತಿದ್ದೆ. 1805ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಪುಸ್ತಕಕ್ಕೆ ರಟ್ಟು ಕಟ್ಟುವವನ ಬಳಿ ಕೆಲಸ ಕಲಿಯಲು ಸೇರಿದ ಹುಡುಗ ಅವನು. ಏಳು ವರ್ಷ ರಟ್ಟು ಕಟ್ಟಿದ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿದ. 1812ರಲ್ಲಿ ಹೆಸರಾಂತ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿ ಬರೆದು, ಅದಕ್ಕೂ ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. ಮರುವರ್ಷ ಅವನ ಪ್ರಯೋಗಾಲಯಕ್ಕೆ ಸಹಾಯಕನಾಗಿ ಸೇರಿದ. 1831ರಲ್ಲಿ ಕಬ್ಬಿಣದ ಉಂಗುರಕ್ಕೆ ತಂತಿ ಸುತ್ತಿ, ಸುರುಳಿಗಳ ನಡುವೆ ಹತ್ತಿಬಟ್ಟೆ ಇಟ್ಟು, ವಿದ್ಯುತ್ಕಾಂತೀಯ ಪ್ರೇರಣೆಯನ್ನು, ಎಂದರೆ ಕಾಂತಶಕ್ತಿಯ ಏರಿಳಿತದಿಂದ ತಂತಿಯಲ್ಲಿ ವಿದ್ಯುತ್ ಹುಟ್ಟುವುದನ್ನು, ಕಂಡುಹಿಡಿದ. "ನೋಡಿ, ಕಾಲೇಜಿನ ಮೆಟ್ಟಿಲು ಹತ್ತದವನು" ಎಂದು ನಾನು ಎದೆಯುಬ್ಬಿಸಿ ಹೇಳಿದಾಗ ಅಪ್ಪ ಪೇಪರಿನಿಂದ ಕಣ್ಣೆತ್ತದೆ ಕೇಳಿದ್ದರು: "ಅವನ ಜೊತೆ ರಟ್ಟು ಕಟ್ಟುತ್ತಿದ್ದ ಉಳಿದವರು ಏನಾದರು?" ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ: ಅವರು ರಟ್ಟು ಕಟ್ಟಿದರು. ಅದು ಯಾಕೆ ಸಾಲದು ಎಂಬ ಪ್ರಶ್ನೆಯನ್ನು ಆಗ ಅಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಕೈಕೆಲಸ ಎಂದರೆ ಬೇರೆಲ್ಲಿಗೋ ಹೋಗುವ ದಾರಿಯ ನಡುವಿನ ನಿಲ್ದಾಣವಾಗಿತ್ತು.

ಒಂದು ಕೈ ಕಡಿಮೆ

ಮರದ ಕಡೆಗೆ ನಾನು ಹೋಗಲಿಲ್ಲ. ಮರವೇ ಮನೆಗೆ ಬಂತು ಎನ್ನಬೇಕು. ಮಳೆಗಾಲದಲ್ಲಿ ನಮ್ಮ ಒಳಕೋಣೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಅದನ್ನು ಸರಿಮಾಡಲು ಬಂದ ಮೇಸ್ತ್ರಿಗಳು ಬಾಗಿಲನ್ನು ಕೀಲಿನಿಂದ ಬಿಡಿಸಿ ಅಡ್ಡ ನಿಲ್ಲಿಸಿ, ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ನೋಡಿ, "ಆ ತುದಿ ಹಿಡಿದುಕೋ" ಎಂದರು. ನಿಘಂಟು ಉಜ್ಜುಗೊರಡು ಎಂದು ಕರೆಯುವ, ಅವರು ಹತ್ತರಿ ಎನ್ನುವ ಸಾಧನವನ್ನು ಬಾಗಿಲ ಅಂಚಿನ ಮೇಲೆ ಇಟ್ಟು ತಳ್ಳಿದರು. ಉದ್ದನೆಯ ಸುರುಳಿಯೊಂದು ಎದ್ದು ನನ್ನ ಕೈಮೇಲೆ ಬಿತ್ತು. ಅದರ ಮೂಲಕ ಬೆಳಕು ಕಾಣುತ್ತಿತ್ತು. ನಾಲ್ಕು ಸಲ ತಳ್ಳಿದರು, ಐದನೆಯದು ತಳ್ಳಲಿಲ್ಲ. ಬಾಗಿಲು ಮತ್ತೆ ಕೂತಿತು, ಸದ್ದಿಲ್ಲದೆ ಮುಚ್ಚಿತು. "ಇನ್ನೂ ಸ್ವಲ್ಪ ತೆಗೆಯಬಹುದಿತ್ತಲ್ಲ, ಮುಂದಿನ ಮಳೆಗೆ" ಎಂದೆ. "ಹಾಗಾದರೆ ಬೇಸಿಗೆಯಲ್ಲಿ ಸಂದಿನಿಂದ ಗಾಳಿ ಬರುತ್ತದೆ" ಎಂದರು. ಹೊರಡುವಾಗ ಚೀಲ ಹೆಗಲಿಗೇರಿಸುತ್ತ ಅಪ್ಪನಿಗೆ ಹೇಳಿದರು: "ನನ್ನ ಹತ್ತಿರ ಒಂದು ಕೈ ಕಡಿಮೆ ಇದೆ. ಇವನನ್ನು ಸ್ವಲ್ಪ ದಿನ ಕಳಿಸಿ." ಮನಸ್ಸಿನ ಕರೆ ಎಂದು ನಾನು ಆಮೇಲೆ ಎಲ್ಲರಿಗೂ ಹೇಳುತ್ತ ಬಂದದ್ದು ಈ ಕರೆಯನ್ನೇ. ಅದು ನನಗೆ ಬಂದ ಕರೆಯೂ ಅಲ್ಲ, ನನ್ನ ಕೈಗೆ ಬಂದದ್ದು.

ಮೊದಲ ಮೂರು ವಾರ ಉಳಿಗಳಿಗೆ ಸಾಣೆ ಹಿಡಿಯುವುದೊಂದೇ ಕೆಲಸ. ಮರವನ್ನು ಮುಟ್ಟಗೊಡಲಿಲ್ಲ. ಉಳಿಯ ಬಾಯಿಯನ್ನು ಇಪ್ಪತ್ತೈದು ಡಿಗ್ರಿಗೆ ಇಳಿಜಾರು ಮಾಡಿ, ತುದಿಯಲ್ಲಿ ಮಾತ್ರ ಮೂವತ್ತು ಡಿಗ್ರಿಗೆ ಎತ್ತಿ ಉಜ್ಜಬೇಕು. ಒರಟು ಕಲ್ಲಿನಲ್ಲಿ ಉಜ್ಜುತ್ತ ಹೋದರೆ ಅಂಚಿನ ಲೋಹ ತೆಳುವಾಗಿ, ಕೂದಲೆಳೆಯಷ್ಟು ಹಿಂಬದಿಗೆ ಮಡಚಿಕೊಳ್ಳುತ್ತದೆ. ಬೆರಳಿನಿಂದ ಹಿಂಬದಿ ಸವರಿದರೆ ತೊಡಕುತ್ತದೆ. ಆ ತೊಡಕು ಅಂಚಿನುದ್ದಕ್ಕೂ ಸಿಕ್ಕಿದಾಗ ನಯವಾದ ಕಲ್ಲಿಗೆ ಹೋಗಬೇಕು, ಹಿಂಬದಿಯನ್ನು ಚಪ್ಪಟೆಯಾಗಿಟ್ಟು ಅದನ್ನು ತೆಗೆಯಬೇಕು. ಹರಿತವಾಗಿದೆಯೇ ಎಂದು ನೋಡಲು ಉಳಿಯ ಬಾಯನ್ನು ಕಿಟಕಿಯ ಬೆಳಕಿಗೆ ಹಿಡಿಯುವುದು. ಮೊಂಡಾದ ಅಂಚಿಗೆ ಸಣ್ಣದೊಂದು ಅಗಲವಿರುತ್ತದೆ, ಅದು ಬೆಳಕನ್ನು ಹಿಡಿದು ಬೆಳ್ಳಿಗೆರೆಯಂತೆ ಹೊಳೆಯುತ್ತದೆ. ಹರಿತವಾದ ಅಂಚು ಕಾಣುವುದೇ ಇಲ್ಲ. "ಏನೂ ಕಾಣದಿದ್ದರೆ ಆಯಿತು ಎಂದರ್ಥ" ಎನ್ನುತ್ತಿದ್ದರು ಮೇಸ್ತ್ರಿಗಳು. ನನಗೆ ಮೂರೂ ವಾರ ಏನಾದರೂ ಕಾಣುತ್ತಲೇ ಇತ್ತು. ಖುಷಿಯಿಂದ ಮಾಡುತ್ತಿದ್ದೆನೇ? ಖಂಡಿತ ಇಲ್ಲ. ಬೇಸರದಿಂದ, ಅವಮಾನದಿಂದ, ಬೆರಳ ತುದಿಯ ಚರ್ಮ ಕಲ್ಲಿಗೆ ಸವೆಸಿಕೊಂಡು ಮಾಡುತ್ತಿದ್ದೆ. ಮನೆಗೆ ಹೋದರೆ ಪರೀಕ್ಷೆಯ ಅರ್ಜಿಯ ಕೊನೆಯ ದಿನಾಂಕದ ವಿಷಯ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಅಲ್ಲಿ ಸಂಜೆಯವರೆಗೂ ಕೂತಿರುತ್ತಿದ್ದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಷ್ಟವಾದ ಕೆಲಸ ಮೊದಲ ನೋಟಕ್ಕೇ ಇಷ್ಟವಾಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಅಕ್ಕನ ಮಗನ ತಲೆಯಲ್ಲೂ ಅದೇ ಇರಬೇಕು. ನನ್ನ ಅನುಭವದಲ್ಲಿ ಕೈಗೆ ಅಷ್ಟಿಷ್ಟು ಬರುವವರೆಗೂ ಯಾವ ಕೆಲಸವೂ ಇಷ್ಟವಾಗುವುದಿಲ್ಲ. ಬಾರದ ಕೆಲಸವನ್ನು ಪ್ರೀತಿಸುವುದು ನೋಡದ ಊರನ್ನು ಪ್ರೀತಿಸಿದ ಹಾಗೆ, ಸುಲಭ, ಯಾಕೆಂದರೆ ಅಲ್ಲಿ ಇರುವುದೆಲ್ಲ ನಮ್ಮದೇ ಕಲ್ಪನೆ.

ಬೆಳಕು ಕಂಡರೆ ಓರೆ

ನನಗೆ ಮೊದಲ ಸುಖ ಸಿಕ್ಕಿದ್ದು ಏಳೆಂಟು ತಿಂಗಳ ಮೇಲೆ, ಒಂದು ಮೋಟು ಸ್ಟೂಲಿನಲ್ಲಿ. ಮೊಳೆಯಿಲ್ಲದ ಜೋಡಣೆ: ಕಾಲಿನಲ್ಲಿ ಚೌಕದ ತೂತು, ಅಡ್ಡಪಟ್ಟಿಯ ತುದಿಯಲ್ಲಿ ಅದಕ್ಕೆ ಸರಿಯಾದ ನಾಲಗೆ. ನಾಲಗೆಯ ದಪ್ಪ ಪಟ್ಟಿಯ ದಪ್ಪದ ಮೂರನೆಯ ಒಂದು ಭಾಗ. ಹೆಚ್ಚಾದರೆ ತೂತಿನ ಗೋಡೆ ಸೀಳುತ್ತದೆ, ಕಡಿಮೆಯಾದರೆ ನಾಲಗೆ ಮುರಿಯುತ್ತದೆ. ಅದಕ್ಕೂ ಮೊದಲು ಮಾಡಿದ ಹನ್ನೊಂದು ಜೋಡಣೆಗಳು ಒಂದೋ ಲೊಡಲೊಡ ಅಲ್ಲಾಡಿದ್ದವು, ಇಲ್ಲವೇ ಕಾಲನ್ನೇ ಸೀಳಿದ್ದವು. ಹನ್ನೆರಡನೆಯದು ಮುಕ್ಕಾಲು ಭಾಗ ಅಂಗೈ ಒತ್ತಡಕ್ಕೇ ಒಳಗೆ ಹೋಯಿತು, ಅಲ್ಲಿ ನಿಂತಿತು. ಕೊಡತಿಯಿಂದ ಮೆಲ್ಲನೆ ಬಡಿದೆ. ಪ್ರತಿ ಪೆಟ್ಟಿಗೂ ಸದ್ದು ಪೊಳ್ಳಾಗಿತ್ತು. ಪಟ್ಟಿಯ ಭುಜ ಕಾಲಿಗೆ ಹೋಗಿ ತಾಗಿದ ಕ್ಷಣ ಸದ್ದು ಬದಲಾಯಿತು. ಗಟ್ಟಿಯಾಯಿತು, ಎರಡು ಮರ ಒಂದೇ ಮರವಾಗಿ ಮಾತನಾಡಿದಂತೆ. ಆಚೆ ಬದಿಯಲ್ಲಿ ಗರಗಸ ಎಳೆಯುತ್ತಿದ್ದ ಮೇಸ್ತ್ರಿಗಳು ತಿರುಗಿಯೂ ನೋಡದೆ "ಸಾಕು, ಇನ್ನು ಬಡಿಯಬೇಡ" ಎಂದರು. ಅವರು ಕಿವಿಯಲ್ಲೇ ನೋಡಿದ್ದರು. ಅದಕ್ಕಿಂತ ನನಗೆ ಹಿಗ್ಗು ತಂದ ಸಂಗತಿ, ಅವರು ಹೇಳುವ ಮೊದಲೇ ನನ್ನ ಕೈ ನಿಂತಿತ್ತು.

ಕೈ ಹೀಗೆ ಕಲಿಯುವ ವಿದ್ಯೆಯನ್ನು ಪುಸ್ತಕದಿಂದ ಪಡೆಯುವುದು ಎಷ್ಟು ಕಷ್ಟ ಎಂಬುದಕ್ಕೆ ನಾನು ಸದಾ ನೆನೆಯುವ ಉದಾಹರಣೆ ಖುಫು ದೊರೆಯ ದೋಣಿಯದು. 1954ರಲ್ಲಿ ಈಜಿಪ್ಟಿನ ಮಹಾ ಪಿರಮಿಡ್ಡಿನ ಪಕ್ಕದ ಗುಂಡಿಯಲ್ಲಿ 1200ಕ್ಕೂ ಹೆಚ್ಚು ಬಿಡಿ ತುಂಡುಗಳಾಗಿ ಸಿಕ್ಕಿದ, ಸುಮಾರು 4500 ವರ್ಷ ಹಳೆಯ, 43 ಮೀಟರಿನಷ್ಟು ಉದ್ದದ ದೋಣಿ ಅದು. ಹಲಗೆಗಳನ್ನು ತೂತು-ನಾಲಗೆಗಳಿಂದ ಕೂಡಿಸಿ ಹಗ್ಗದಿಂದ ಹೊಲಿದಿದ್ದರು. ಅದನ್ನು ಮತ್ತೆ ಜೋಡಿಸುವ ಹೊಣೆ ಹೊತ್ತ ಅಹ್ಮದ್ ಯೂಸುಫ್ ಅವರು ಪ್ರಾಚೀನ ವಸ್ತುಗಳ ದುರಸ್ತಿಯಲ್ಲಿ ನಿಪುಣರೇ; ಆದರೂ ದೋಣಿ ಕಟ್ಟುವುದು ತಮಗೆ ಗೊತ್ತಿಲ್ಲವೆಂದು, ನೈಲ್ ನದಿಗೆ ಇನ್ನೂ ಮರದ ದೋಣಿ ಕಟ್ಟುತ್ತಿದ್ದ ಬಡಗಿಗಳ ಬಳಿ ಹೋಗಿ ಕೆಲಸ ಕಲಿತರು. ಜೋಡಿಸಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಗುಂಡಿಯಲ್ಲಿ ಮರ ಉಳಿದಿತ್ತು, ಹಗ್ಗ ಉಳಿದಿತ್ತು. ಯಾವುದನ್ನು ಯಾವಾಗ ಎಷ್ಟು ಬಿಗಿಯಬೇಕು ಎಂಬುದು ಮಾತ್ರ ಬದುಕಿರುವವರ ಕೈಯಲ್ಲಿ ಇತ್ತು.

ಸ್ಟೂಲಿಗೆ ಮರಳುತ್ತೇನೆ. ಜೋಡಣೆ ಕೂತ ಮೇಲೆ ಮೇಸ್ತ್ರಿಗಳು ಮೂಲೆಮಟ್ಟ ಕೊಟ್ಟರು. ತೊಂಬತ್ತು ಡಿಗ್ರಿಯಲ್ಲಿ ಕೂಡಿದ ಒಂದು ಮರದ ತುಂಡು, ಒಂದು ಉಕ್ಕಿನ ಪಟ್ಟಿ, ಅಷ್ಟೇ. ಅದನ್ನು ಮೂಲೆಗೆ ಒತ್ತಿ ಬೆಳಕಿಗೆ ಹಿಡಿದರೆ ಉಕ್ಕು ಮತ್ತು ಮರದ ನಡುವೆ ಬೆಳಕು ತೂರಿಬರುತ್ತದೆ, ಇಲ್ಲವೇ ಬರುವುದಿಲ್ಲ. ನನ್ನದರಲ್ಲಿ ಬಂತು. ಒಂದು ಬದಿಯಲ್ಲಿ ಕೂದಲೆಳೆಯಷ್ಟು. ಎರಡು ಸಲ ನಪಾಸಾದವನಿಗೆ ಆಗಬೇಕಿದ್ದ ಸಂಕಟ ಯಾಕೋ ಆಗಲಿಲ್ಲ. ಬಹಳ ದಿನ ಅದು ಯಾಕೆಂದು ಯೋಚಿಸಿದ್ದೇನೆ. ಪರೀಕ್ಷೆಯ ಫಲಿತಾಂಶ ಬಂದಾಗ ಫಲಕದ ಮೇಲೆ ಇದ್ದದ್ದು ನನ್ನ ಸಂಖ್ಯೆ. ನಪಾಸಾದದ್ದು ಉತ್ತರವಲ್ಲ, ನಾನು. ಮೂಲೆಮಟ್ಟ ಹೇಳಿದ್ದು "ಇದು ಓರೆ" ಎಂದು. "ನೀನು ಓರೆ" ಎನ್ನಲಿಲ್ಲ. ಅದಕ್ಕೆ ನಾನು ಯಾರು ಎಂಬುದೇ ಗೊತ್ತಿಲ್ಲ. ಮುಲಾಜಿಲ್ಲ, ಹಾಗೆಯೇ ಹಗೆಯೂ ಇಲ್ಲ. ಕಾಲೇಜಿನಲ್ಲಿ ಪ್ರಯೋಗದ ದಾಖಲೆಯನ್ನು ಹಿಂದಿನ ವರ್ಷದವರ ಪುಸ್ತಕದಿಂದ ನಕಲು ಮಾಡಿ ಅಂಕ ಪಡೆದಿದ್ದೆ, ಮೌಖಿಕ ಪರೀಕ್ಷೆಯಲ್ಲಿ ಮುಗುಳ್ನಕ್ಕು ಪಾರಾಗಿದ್ದೆ. ಆ ಅಂಕಗಳು ನನಗೆ ಒಂದು ದಿನವೂ ಸಂತೋಷ ಕೊಟ್ಟದ್ದು ನೆನಪಿಲ್ಲ. ಉಕ್ಕಿನ ಪಟ್ಟಿಯ ಮುಂದೆ ಮುಗುಳ್ನಗೆ ನಡೆಯುವುದಿಲ್ಲ ಎಂಬುದು ಎಂಥ ಬಿಡುಗಡೆ ಎಂದು ಹೇಳಿದರೆ ಕೆಲವರಿಗೆ ಅರ್ಥವಾಗುತ್ತದೆ, ಕೆಲವರಿಗೆ ಹುಚ್ಚು ಎನಿಸುತ್ತದೆ.

ಅರವತ್ತನಾಲ್ಕು ಪಟ್ಟು

ಇಲ್ಲಿ ಪುಸ್ತಕವನ್ನು ಬೈಯುವ ಉದ್ದೇಶ ನನಗಿಲ್ಲ. ಕಾಲೇಜು ಬಿಟ್ಟವರು ಕಾಲೇಜನ್ನು ಬೈಯುವುದು, ಕೈಕೆಲಸದವರು ಓದಿದವರನ್ನು ಹಂಗಿಸುವುದು, ಇದು ನನಗೆ ಹಿಡಿಸದ ಚಾಳಿ. ನನ್ನ ಮಟ್ಟಿಗೆ ಎರಡೂ ಕೂಡಿದ್ದು ಒಂದು ಪುಸ್ತಕದ ಕಪಾಟಿನ ಮುಂದೆ. ಗಿರಾಕಿಯೊಬ್ಬರು ತಂದಿದ್ದ ಉದ್ದನೆಯ ಕಪಾಟಿನ ಹಲಗೆಗಳು ಪುಸ್ತಕದ ಭಾರಕ್ಕೆ ಉಯ್ಯಾಲೆಯಂತೆ ಬಾಗಿದ್ದವು. ನಾನು ಹೊಸ, ದಪ್ಪ ಹಲಗೆ ಹಾಕೋಣ ಎಂದೆ. ಮೇಸ್ತ್ರಿಗಳು ಒಂದು ಉಳಿಕೆ ಪಟ್ಟಿ ತೆಗೆದು, ಅದನ್ನು ಮಲಗಿಸದೆ ನಿಲ್ಲಿಸಿ, ಹಲಗೆಯ ಮುಂದಿನ ಅಂಚಿನ ಕೆಳಗೆ ಅಂಟಿಸಿದರು. ಮೂರು ಬೆರಳಗಲದ ಪಟ್ಟಿ. ಬಾಗು ಹೋಯಿತು. "ಮಲಗಿದ ಹಲಗೆ ಬಾಗುತ್ತದೆ, ನಿಂತ ಹಲಗೆ ಬಾಗುವುದಿಲ್ಲ" ಎಂದರು, ಇದನ್ನೂ ಹೇಳಬೇಕೇ ಎಂಬಂತೆ.

ಆ ರಾತ್ರಿ ಅಟ್ಟದಿಂದ ಹಳೆಯ ನೋಟ್‌ಪುಸ್ತಕ ಇಳಿಸಿದೆ. ನಾನು ಎರಡು ಸಲ ಬಾಯಿಪಾಠ ಮಾಡಿ ಎರಡು ಸಲ ಮುಗ್ಗರಿಸಿದ ಸೂತ್ರ ಅಲ್ಲೇ ಇತ್ತು: ಅಗಲವನ್ನು ಎತ್ತರದ ಘನದಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರೆ ಬರುವ ಸಂಖ್ಯೆ, ತೊಲೆಯ ಬಿಗುವಿನ ಅಳತೆ. ಎತ್ತರದ ಘನ! ಎತ್ತರ ಎರಡು ಪಟ್ಟಾದರೆ ಬಿಗುವು ಎಂಟು ಪಟ್ಟು. 20 ಸೆಂಟಿಮೀಟರ್ ಅಗಲ, 2.5 ಸೆಂಟಿಮೀಟರ್ ದಪ್ಪದ ಹಲಗೆಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಲೆಕ್ಕ ಹಾಕಿದೆ. ಅದೇ ಹಲಗೆ, ಅದೇ ಮರ; ನಿಲ್ಲಿಸಿದರೆ ಬಿಗುವು ಅರವತ್ತನಾಲ್ಕು ಪಟ್ಟು. ಎರಡು ವರ್ಷ ಆ ಸೂತ್ರದ ಎದುರು ಕೂತಿದ್ದರೂ ಅದು ಏನು ಹೇಳುತ್ತಿದೆ ಎಂದು ನಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಮಂಚದ ಮೇಲೆ ಒಬ್ಬನೇ ಕೂತು ನಕ್ಕೆ. ಮರುದಿನ ಬೆಳಿಗ್ಗೆ ಮೇಸ್ತ್ರಿಗಳಿಗೆ ಈ ಅರವತ್ತನಾಲ್ಕನ್ನು ಹೇಳಿದೆ, ಸ್ವಲ್ಪ ಜಂಬದಿಂದಲೇ. ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ ಗಂಭೀರವಾಗಿ ಹೇಳಿದರು: "ಹೌದೇ? ನಾನು ಐವತ್ತರ ಹತ್ತಿರ ಇರಬಹುದು ಅಂದುಕೊಂಡಿದ್ದೆ." ತಮಾಷೆ ಮಾಡಿದರೋ ನಿಜವಾಗಿ ಹೇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ಪತ್ರಿಕೆಯನ್ನು ಈಗ ಬರೆದರೆ ಪಾಸಾಗುತ್ತೇನೆಯೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಬಹುಶಃ ಇಲ್ಲ. ಅಲ್ಲಿ ಹಲಗೆಯ ಬಗ್ಗೆ ಯಾರೂ ಕೇಳುವುದಿಲ್ಲ.

ಹಿಗ್ಗು, ಕುಗ್ಗು

ಐದನೆಯ ವರ್ಷದಲ್ಲಿ ನಾನು ಸ್ವತಂತ್ರವಾಗಿ ಮಾಡಿದ ಮೊದಲ ದೊಡ್ಡ ಕೆಲಸ ಒಂದು ಊಟದ ಮೇಜು. ಎಂಟು ಜನ ಕೂರುವಂಥದ್ದು, ತೊಂಬತ್ತು ಸೆಂಟಿಮೀಟರ್ ಅಗಲ. ಹಲಗೆಗಳನ್ನು ಅಕ್ಕಪಕ್ಕ ಅಂಟಿಸಿ, ಎರಡೂ ತುದಿಗೆ ಅಡ್ಡಪಟ್ಟಿ ಕೊಟ್ಟು, ಅಡ್ಡಪಟ್ಟಿಯನ್ನು ಉದ್ದಕ್ಕೂ ಅಂಟು ಹಾಕಿ, ಜೊತೆಗೆ ತಿರುಪು ಮೊಳೆಗಳನ್ನೂ ಬಿಗಿದೆ. ಗಟ್ಟಿಯಾಗಿರಲಿ ಎಂದು. ಕೂಡು ಕಾಣದಷ್ಟು ನಯವಾಗಿತ್ತು, ಬೆರಳಾಡಿಸಿದವರೆಲ್ಲ ಹೊಗಳಿದರು. ನಾಲ್ಕು ತಿಂಗಳು ಕಳೆದು ಬೇಸಿಗೆ ಬಂತು. ಒಂದು ರಾತ್ರಿ ಆ ಮನೆಯವರು ಫೋನ್ ಮಾಡಿದರು. ಊಟದ ಕೋಣೆಯಲ್ಲಿ ಏನೋ ಸಿಡಿದ ಸದ್ದಾಯಿತಂತೆ, ಎದ್ದು ಬಂದು ನೋಡಿದರೆ ಮೇಜಿನ ಮಧ್ಯೆ ಒಂದು ತುದಿಯಿಂದ ಮೊಣಕೈಯುದ್ದದ ಬಿರುಕು, ನಾಣ್ಯ ನಿಲ್ಲಿಸಬಹುದಾದಷ್ಟು ಅಗಲ. ಬೆಳಗಾಗುವುದನ್ನೇ ಕಾದು ಹೋದೆ. ನೋಡಿ ಬಂದು, ಮುಖ ಸಪ್ಪಗೆ ಮಾಡಿಕೊಂಡು ಮೇಸ್ತ್ರಿಗಳ ಎದುರು ನಿಂತೆ. ಮರ ಕೆಟ್ಟದ್ದಿತ್ತೇ, ಅಂಟು ಹಳೆಯದೇ, ಏನನ್ನೂ ಕೇಳಲಿಲ್ಲ. ಒಂದೇ ಪ್ರಶ್ನೆ: "ಎಲ್ಲಿ ಕಟ್ಟಿಹಾಕಿದೆ?"

ಮರ ಕಡಿದು ಎಷ್ಟೇ ವರ್ಷವಾಗಲಿ, ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ಹಸಿ ಮರ ಒಣಗುತ್ತ ಅದರ ತೇವ ಶೇಕಡ 30ರ ಆಸುಪಾಸಿಗೆ ಇಳಿಯುವವರೆಗೂ ಆಕಾರ ಬದಲಾಗುವುದಿಲ್ಲ. ಅದಕ್ಕಿಂತ ಕೆಳಗಿಳಿದ ಮೇಲೆ ಕುಗ್ಗಲು ಶುರು. ತಮಾಷೆಯೆಂದರೆ ಅದು ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಎಳೆಯ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಬಹಳ, ಅದರಲ್ಲೂ ವರ್ಷದ ಬಳೆಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸರಿಸುಮಾರು ಎರಡರಷ್ಟು. ಇಂಚು ದಪ್ಪಕ್ಕೆ ಒಂದು ವರ್ಷ ಎಂದು ಹಲಗೆಯನ್ನು ನೆರಳಲ್ಲಿ ಒಣಗಿಸಿ ಹದ ಮಾಡಿದರೂ ಈ ಆಟ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ನನ್ನ ಮೇಜಿನ ಅಗಲಕ್ಕೆ ಮಳೆಗಾಲ ಮತ್ತು ಬೇಸಿಗೆಯ ನಡುವೆ ಆರೇಳು ಮಿಲಿಮೀಟರ್ ವ್ಯತ್ಯಾಸ ಸಹಜ. ಅಡ್ಡಪಟ್ಟಿಯ ಎಳೆ ಮಾತ್ರ ಆ ಅಗಲದ ಗುಂಟವೇ ಹೋಗುವುದರಿಂದ ಅದು ಅಲುಗುವುದಿಲ್ಲ. ಒಂದು ಕುಗ್ಗಬೇಕು, ಇನ್ನೊಂದು ಬಿಡುತ್ತಿಲ್ಲ. ಸೀಳಿತು. ಮಾಡಬೇಕಾದದ್ದು ಇಷ್ಟು: ಅಡ್ಡಪಟ್ಟಿಯನ್ನು ಮಧ್ಯದಲ್ಲಿ ಒಂದು ಕಡೆ ಮಾತ್ರ ಗಟ್ಟಿ ಮಾಡಿ, ಎರಡು ಬದಿಗಳಲ್ಲಿ ಗೂಟದ ತೂತನ್ನು ಉದ್ದುದ್ದ ಕೊರೆದು, ಅಲುಗಾಡಲು ಜಾಗ ಬಿಡಬೇಕು. ಮೊದಲ ದಿನ ನಮ್ಮ ಒಳಕೋಣೆಯ ಬಾಗಿಲಿಗೆ ಐದನೆಯ ಸಲ ಹತ್ತರಿ ತಳ್ಳದೆ ನಿಂತಾಗ ಅವರು ಬಿಟ್ಟದ್ದೂ ಇದೇ ಜಾಗವನ್ನು. ನಾನು ಕಣ್ಣಾರೆ ಕಂಡಿದ್ದೆ, ಐದು ವರ್ಷ ಕಂಡಿರಲಿಲ್ಲ.

(ಇಲ್ಲಿ ಬದುಕಿಗೊಂದು ಪಾಠ ಎಳೆಯಲು ಕೈ ತುರಿಸುತ್ತಿದೆ. ಅಪ್ಪ, ನಾನು, ಎಂಟನೆಯ ತರಗತಿಯಲ್ಲೇ ನಿಗದಿಯಾಗಿದ್ದ ಇಂಜಿನಿಯರಿಂಗ್ ಸೀಟು, ಎಲ್ಲವೂ ತಾವಾಗಿಯೇ ಬಂದು ಸಾಲಾಗಿ ನಿಲ್ಲುತ್ತಿವೆ. ಬೇಡ. ಮೇಜು ಮೇಜೇ ಆಗಿರಲಿ. ಅಪ್ಪ ನನ್ನನ್ನು ಕಟ್ಟಿಹಾಕಿದವರೂ ಅಲ್ಲ; ನಾನು ಹೋಗುವುದನ್ನು ನಿಲ್ಲಿಸಿದ ಮೇಲೂ ಒಂದು ಸೆಮಿಸ್ಟರಿನ ಶುಲ್ಕವನ್ನು ನನಗೆ ಹೇಳದೆ ಕಟ್ಟಿದ್ದರು, ಮನಸ್ಸು ಬದಲಾದರೆ ಇರಲಿ ಎಂದು.)

ಆದರೆ ಒಂದು ಮಾತು ಹೇಳದೆ ಇರಲಾರೆ. ಮರದ ಈ ಚಲನೆಗೆ ನಮ್ಮ ಭಾಷೆಯಲ್ಲಿ ಇರುವ ಪದಗಳು ಹಿಗ್ಗು, ಕುಗ್ಗು. ಮನಸ್ಸಿಗೂ ಅವೇ ಪದ. ಮಳೆಗೆ ಮರ ಹಿಗ್ಗುತ್ತದೆ, ಒಳ್ಳೆಯ ಸುದ್ದಿಗೆ ಮನುಷ್ಯ ಹಿಗ್ಗುತ್ತಾನೆ. ಮರದ ಗಟ್ಟಿ ಒಳಭಾಗಕ್ಕೆ ಕೆಚ್ಚು ಎನ್ನುತ್ತೇವೆ, ಧೈರ್ಯವಂತನ ಎದೆಗೆ ಕೆಚ್ಚೆದೆ ಎನ್ನುತ್ತೇವೆ. ಕೈಗೂಡಿತು, ಕೈಕೊಟ್ಟಿತು, ಕೈಬಿಟ್ಟೆ, ಕೈಹಿಡಿಯಿತು: ಬದುಕಿನಲ್ಲಿ ಆಗುವುದು ಹೋಗುವುದೆಲ್ಲವೂ ಕೈಯ ಮೂಲಕವೇ. ಇಷ್ಟೆಲ್ಲ ಕೈಗೆ ಒಪ್ಪಿಸಿದ ಭಾಷೆಯನ್ನು ಆಡುವ ನಾವು, ಮಕ್ಕಳು ಕೈಕೆಲಸಕ್ಕೆ ಹೋದರೆ "ಕೈತಪ್ಪಿ ಹೋದ" ಎನ್ನುತ್ತೇವೆ! ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯ ಮೇಲೂ ನನಗೆ ಸಣ್ಣದೊಂದು ತಕರಾರಿದೆ. ಅದರ ಪ್ರಕಾರ ಕೈಯ ಪಾಲಿಗೆ ಬರೀ ಕೆಸರು. ಸುಖವೆಲ್ಲ ಆಮೇಲೆ, ಬಾಯಿಗೆ. ಕೈಗೂ ಒಂದು ರುಚಿ ಇದೆ ಎಂಬುದನ್ನು ಗಾದೆ ಕಟ್ಟಿದವರು ಯಾಕೋ ಬಿಟ್ಟುಬಿಟ್ಟರು. ಹದವಾದ ಹಲಗೆಯ ಮೇಲೆ ಹರಿತವಾದ ಹತ್ತರಿ ಎಳೆಯ ಗುಂಟ ಹೋಗುವಾಗ ಆಗುವ ಆ ಸರ್ರನೆಯ ಸದ್ದು, ಅಂಗೈಗೆ ಬರುವ ಆ ನಯವಾದ ಎಳೆತ, ಅದು ಮೊಸರಿಗಾಗಿ ತಡೆದುಕೊಳ್ಳುವ ಕೆಸರಲ್ಲ.

ಹಾಗೆಂದು ದಿನವಿಡೀ ಹೀಗಿರುವುದಿಲ್ಲ. ಮೊದಲ ಕೆಲವು ವರ್ಷ ನನ್ನ ಸಂಪಾದನೆ ಎಷ್ಟಿತ್ತೆಂದರೆ, ಅಕ್ಕನ ಮದುವೆಗೆ ಉಡುಗೊರೆ ಕೊಳ್ಳಲಾಗದೆ ಒಂದು ಪೆಟ್ಟಿಗೆ ಮಾಡಿಕೊಟ್ಟೆ. ಅದನ್ನು ಎಲ್ಲರೂ ಪ್ರೀತಿಯ ಗುರುತು ಎಂದುಕೊಂಡರು. ಕೆಲಸದ ಅರ್ಧ ಭಾಗ ಮರಳುಕಾಗದ ಉಜ್ಜುವುದು, ಅದರಂಥ ಬೇಸರದ ಕೆಲಸ ಇನ್ನೊಂದಿಲ್ಲ. ಆ ಧೂಳು ಬರೀ ಧೂಳೂ ಅಲ್ಲ: 1995ರಲ್ಲೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೇಸ್ತ್ರಿಗಳ ಕಾಲಕ್ಕೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವವರೇ ವಿರಳ. ಕೊನೆಯ ವರ್ಷಗಳಲ್ಲಿ ಅವರು ಒಂದು ವಾಕ್ಯವನ್ನು ಮುಗಿಸಲು ಎರಡು ಸಲ ಕೆಮ್ಮುತ್ತಿದ್ದರು. ನಾನು ಮುಖವಾಡವಿಲ್ಲದೆ ಯಂತ್ರ ಹಾಕುವುದಿಲ್ಲ. ನನ್ನ ಬಲಗೈ ಹೆಬ್ಬೆರಳ ಬುಡ ತಣ್ಣನೆಯ ಬೆಳಗಿನಲ್ಲಿ ಹಿಡಿದುಕೊಳ್ಳುತ್ತದೆ, ಎಡಗಿವಿಗೆ ಕೀಚಲು ದನಿ ಕೇಳಿಸುವುದು ಕಡಿಮೆಯಾಗಿದೆ. ಅಪ್ಪ ಇವತ್ತಿಗೂ ಯಾರಾದರೂ ಕೇಳಿದರೆ "ಫರ್ನಿಚರ್ ವ್ಯವಹಾರ ಇಟ್ಟುಕೊಂಡಿದ್ದಾನೆ" ಎನ್ನುತ್ತಾರೆ. ಬಡಗಿ ಎಂಬ ಪದ ಅವರ ಬಾಯಿಂದ ನಾನು ಕೇಳಿಲ್ಲ. ಮೊದಲೆಲ್ಲ ನೋವಾಗುತ್ತಿತ್ತು. ಈಗ ಅವರು ಹಾಗೆನ್ನುವಾಗ ಕೂತಿರುವ ಕುರ್ಚಿ ನಾನು ಮಾಡಿದ್ದು, ಅದು ಅಲ್ಲಾಡುತ್ತಿಲ್ಲವಲ್ಲ ಎಂದು ಕಾಲುಗಳ ಕಡೆ ನೋಡುತ್ತೇನೆ.

ಇವೆಲ್ಲವನ್ನೂ ಅಕ್ಕನ ಮಗನಿಗೆ ಹೇಳಬೇಕಿತ್ತು. ಹೇಳಲು ಹೋದರೆ ಉಪದೇಶವಾಗುತ್ತದೆ. ಅದೂ ಅವನು ಬಯಸಿದ್ದಕ್ಕೆ ವಿ‌ರುದ್ಧವಾದ ಉಪದೇಶ. ಅಕ್ಕ ಬೇರೆ ಫೋನ್ ಮಾಡಿದ್ದಳು. "ನಿನ್ನ ಹಾಗೆ ಆಗಬಾರದು ಎಂದಲ್ಲ ಕಣೋ, ಆದರೂ..." ಎಂದು ಆ 'ಆದರೂ'ವಿನ ಮೇಲೆ ನಿಂತಳು. ನನಗೆ ಬೇಸರವಾಗಲಿಲ್ಲ. ಆದರೂ ಎನ್ನುವುದಕ್ಕೆ ಏನೇನಿದೆ ಎಂದು ಅವಳಿಗಿಂತ ನನಗೇ ಚೆನ್ನಾಗಿ ಗೊತ್ತು. ಭಾನುವಾರ ಅವನನ್ನು ಕಳಿಸು ಎಂದೆ.

ಬಂದ. ಧೈರ್ಯದ ಮಾತೆತ್ತಲಿಲ್ಲ ನಾನು. ಬಾಯಿ ಮೊಂಡಾದ ಅರ್ಧ ಇಂಚಿನ ಉಳಿಯೊಂದನ್ನು, ಎರಡು ಕಲ್ಲನ್ನು, ಒಂದು ಬಟ್ಟಲು ನೀರನ್ನು ಅವನ ಮುಂದಿಟ್ಟು ಹೇಗೆ ಹಿಡಿಯಬೇಕೆಂದು ತೋರಿಸಿದೆ. "ಎಷ್ಟು ಹೊತ್ತು ಮಾವ?" ಎಂದ. "ಅಂಚು ಕಾಣದಂತೆ ಆಗುವವರೆಗೆ." ಹತ್ತು ನಿಮಿಷ ಉತ್ಸಾಹದಿಂದ ಉಜ್ಜಿದ, ಇಪ್ಪತ್ತನೆಯ ನಿಮಿಷಕ್ಕೆ ಮೊಬೈಲ್ ನೋಡಿದ, ಮತ್ತೆ ಉಜ್ಜಿದ. ಉಜ್ಜುವಾಗ ಮಣಿಕಟ್ಟು ಮೇಲೆ ಕೆಳಗೆ ತೂಗುತ್ತಿತ್ತು; ನನ್ನದೂ ತೂಗುತ್ತಿತ್ತು. ಹೇಳಲಿಲ್ಲ. ನಲವತ್ತು ನಿಮಿಷದ ಮೇಲೆ ಎದ್ದು, ಉಳಿಯನ್ನು ಕಿಟಕಿಗೆ ಹಿಡಿದು ನೋಡಿ, "ಇನ್ನೂ ಹೊಳೆಯುತ್ತಿದೆ" ಎಂದ. ಸೋಮವಾರ ಟೆಸ್ಟ್ ಇದೆ, ಹೋಗಬೇಕು ಎಂದ. ಬೆರಳ ತುದಿಯನ್ನು ಬಾಯಲ್ಲಿಟ್ಟುಕೊಂಡೇ ಗೇಟು ದಾಟಿದ.

ಅವನು ಹೋದ ಮೇಲೆ ನಾನೂ ಉಳಿಯನ್ನು ಬೆಳಕಿಗೆ ಹಿಡಿದೆ. ಎಡಭಾಗದಲ್ಲಿ ಬೆಳ್ಳಿಗೆರೆ ಹಾಗೇ ಇತ್ತು. ಬಲಭಾಗದಲ್ಲಿ, ಅಂದಾಜು ಮೂರು ಮಿಲಿಮೀಟರ್ ಉದ್ದಕ್ಕೆ, ಏನೂ ಕಾಣುತ್ತಿರಲಿಲ್ಲ. ಮುಗಿಸಲು ನನಗೆ ಐದು ನಿಮಿಷ ಸಾಕಿತ್ತು. ನೀರು ಒರೆಸಿ, ತುಕ್ಕು ಹಿಡಿಯದಿರಲೆಂದು ತೆಳ್ಳಗೆ ಎಣ್ಣೆ ಹಚ್ಚಿ, ನನ್ನ ಉಳಿಗಳ ಜೊತೆ ಬೆರೆಯದ ಹಾಗೆ ಮೇಲಿನ ಹಲಗೆಯ ಮೇಲೆ ಇಟ್ಟೆ.